ನಮ್ಮತ್ತೆಯ ನೋಟೀಸುಗಳು

ಕಾಶಿಗೆ ಬಂದವರು ತಮಗೆ ಪ್ರಿಯವಾದದ್ದೊಂದನ್ನು ಇಲ್ಲಿ ಬಿಟ್ಟು ಹೋಗಬೇಕು ಅನ್ನುವ ರೂಢಿ ನಿಮಗೆ ಗೊತ್ತೇ ಇದೆ. ಒಬ್ಬರು ಹಲಸಿನ ಹಣ್ಣು ಬಿಡುತ್ತಾರೆ, ಇನ್ನೊಬ್ಬರು ಬದನೆಕಾಯಿ. ನನ್ನ ಸೋದರತ್ತೆ ಊರಿನಿಂದ ರೈಲು ಹತ್ತಿದಾಗ ನಮ್ಮ ಬಳಗದವರೆಲ್ಲ ಒಕ್ಕೊರಲಿನಿಂದ ಹಾರೈಸಿದ್ದು ಒಂದೇ: ಈಕೆ ತನಗೆ ಎಲ್ಲಕ್ಕಿಂತ ಪ್ರಿಯವಾದ ಕೋಪವನ್ನು ಗಂಗೆಯಲ್ಲಿ ಬಿಟ್ಟು ಬರಲಿ! ಅತ್ತೆ ಬಂದರು. ಕೇದಾರ ಘಾಟಿನಲ್ಲಿ ಮೂರು ಮುಳುಗು ಹಾಕಿದರು. ತೊಂಡೆಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಅವರು ತೊಂಡೆಕಾಯಿ ತಿಂದವರೇ ಅಲ್ಲ!

ಕೋಪ ಮಾತ್ರ ಗಂಗೆಯಲ್ಲಿ ಮಿಂದು, ಮೊದಲಿಗಿಂತ ಹೊಳಪಾಗಿ ಮೇಲೆ ಬಂತು.

ಅವರ ಪರಿಚಯ ಹೇಳಿಬಿಡುತ್ತೇನೆ. ವಯಸ್ಸು ಎಪ್ಪತ್ತೆರಡು. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಬರಲಿಲ್ಲ. ಕೂಲಿಕಾರರ ಕಾನೂನು ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಟೈಪಿಸ್ಟ್ ಆಗಿದ್ದರು. ಅಂಗಡಿ, ಹೋಟೆಲು, ಮಿಲ್ಲುಗಳ ಮಾಲೀಕರಿಗೆ ‘ತಾವು ಕೆಲಸಗಾರರಿಗೆ ವಾರದ ರಜೆ ಕೊಡುತ್ತಿಲ್ಲವೆಂದು ತಿಳಿದುಬಂದಿದೆ’, ‘ತಮ್ಮಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಇಲ್ಲವೆಂದು ತಿಳಿದುಬಂದಿದೆ’ ಎಂದು ನೋಟೀಸು ಟೈಪು ಮಾಡುವುದು ಅವರ ಕೆಲಸ. ನೋಟೀಸು ಹೋಗುತ್ತಿತ್ತು. ಮಾಲೀಕರು ‘ಇನ್ನು ಮುಂದೆ ಸರಿಪಡಿಸಿಕೊಳ್ಳುತ್ತೇವೆ’ ಎಂದು ಉತ್ತರ ಬರೆಯುತ್ತಿದ್ದರು. ಮರುವರ್ಷ ಅದೇ ಮಾಲೀಕನಿಗೆ ಅದೇ ನೋಟೀಸನ್ನು ಅತ್ತೆ ಮತ್ತೆ ಟೈಪು ಮಾಡುತ್ತಿದ್ದರು. ಅಷ್ಟು ವರ್ಷ, ಯಾರೂ ಲಕ್ಷ್ಯಕ್ಕೆ ತಂದುಕೊಳ್ಳದ ಕಾಗದವನ್ನೇ ಟೈಪು ಮಾಡುತ್ತ ಕೂತವರ ಹೊಟ್ಟೆಯೊಳಗೆ ಏನೆಲ್ಲ ಸೇರಿಕೊಂಡಿರುತ್ತದೆ, ನೀವೇ ಹೇಳಿ? ನಿವೃತ್ತಿಯಾದ ಮರುದಿನದಿಂದ ಅದೆಲ್ಲ ಬಾಯಿಂದ ಬರತೊಡಗಿತು.

ಇನ್ನು ಅವರ ಹಿಂದಿ. ಹುಡುಗಿಯಾಗಿದ್ದಾಗ ಹಿಂದಿ ಪರೀಕ್ಷೆಗಳನ್ನು ಒಂದೂ ಬಿಡದೆ ಕಟ್ಟಿ ಪಾಸಾದವರು. ಬನಾರಸಿನ ಬೀದಿಯಲ್ಲಿ ಆ ಹಿಂದಿಯನ್ನು ಯಾರೂ ಮಾತಾಡುವುದಿಲ್ಲ, ಅದು ಕೇಳಿಸುವುದು ರೈಲು ನಿಲ್ದಾಣದ ಮೈಕಿನಲ್ಲಿ ಮಾತ್ರ. ಬಂದ ದಿನವೇ ಆಟೋದವನಿಗೆ, “ಕೃಪಯಾ ವಾಹನ್ ಕೀ ಗತಿ ಮಂದ್ ಕೀಜಿಯೇ” ಎಂದರು. ಆತ ಗಾಬರಿಯಿಂದ ಬ್ರೇಕು ಒತ್ತಿ, ಹಿಂದಕ್ಕೆ ತಿರುಗಿ, ಕೈಮುಗಿದು ಕೇಳಿದ: “ಕೌನ್ ಪ್ಲಾಟ್‌ಫಾರಂ, ಮಾತಾಜಿ?”

ನಾನು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಡಾಕ್ಟರು. ಭೇಲೂಪುರದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಹತ್ತು ವರ್ಷದ ಮಗಳಿದ್ದಾಳೆ. ಮತ್ತು ಊರ್ಮಿಳಾ ಇದ್ದಾಳೆ. ಗಂಗೆಯ ಆಚೆ ದಡದ ರಾಮನಗರದಿಂದ ಶೇರ್ ಆಟೋ ಹಿಡಿದು, ಸೇತುವೆ ದಾಟಿ ಬಂದು, ನಮ್ಮ ಮನೆಯನ್ನೂ ಸೇರಿಸಿ ಇದೇ ಕಟ್ಟಡದ ನಾಲ್ಕು ಮನೆಗಳ ಪಾತ್ರೆ, ನೆಲ, ರೊಟ್ಟಿ ಎಲ್ಲ ಮುಗಿಸಿ ಹೋಗುವವಳು. ನಾಲ್ಕು ವರ್ಷದಿಂದ ನಮ್ಮಲ್ಲಿದ್ದಾಳೆ. ‘ನಮ್ಮ ಮನೆಯವಳ ಹಾಗೇ’ ಎಂದು ನಾವು ಬಂದವರಿಗೆಲ್ಲ ಹೇಳುತ್ತಿದ್ದೆವು. ಈ ಮಾತನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅತ್ತೆ ಬಂದ ಎರಡನೇ ದಿನ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಊರ್ಮಿಳಾಳನ್ನು ವಿಚಾರಣೆಗೆ ತೆಗೆದುಕೊಂಡರು.

“ತುಮ್ಹಾರಾ ಸಾಪ್ತಾಹಿಕ ಅವಕಾಶ್ ಕಿಸ್ ದಿನ್ ಹೈ?” ಅಂದರೆ, ವಾರದ ರಜೆ ಯಾವತ್ತು?

ಊರ್ಮಿಳಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನ್ನ ಹೆಂಡತಿ ಒಳಗಿನಿಂದ, “ಅವಳು ಯಾವಾಗ ಕೇಳಿದ್ರೂ ನಾವು ಕೊಡ್ತೀವಿ ಅತ್ತೆ. ಒಂದು ಸಲಾನೂ ಇಲ್ಲ ಅಂದಿಲ್ಲ” ಎಂದಳು.

“ಕೇಳಿದಾಗ ಕೊಟ್ರೆ ಅದು ನಿನ್ನ ದಯೆ ಕಣಮ್ಮ. ಕೇಳದೇ ಇದ್ರೂ ಸಿಗಬೇಕು, ಅದು ರಜೆ. ನಿನ್ನ ಆಸ್ಪತ್ರೇಲಿ ನೀನು ಪ್ರತಿ ಭಾನುವಾರ ಹೋಗಿ ಕೈಮುಗಿದು ಕೇಳ್ತೀಯಾ?”

ಮರುದಿನ ಫ್ರಿಜ್ಜಿನ ಮೇಲೆ ಒಂದು ನೋಟೀಸು ಅಂಟಿತ್ತು. ಟೈಪು ಮಾಡಿದ ಹಾಗೇ ಕಾಣುವ ಅಕ್ಷರ, ಕನ್ನಡದಲ್ಲೂ ಹಿಂದಿಯಲ್ಲೂ: ‘ಪ್ರತಿ ಭಾನುವಾರ ಈ ಅಡುಗೆಮನೆಯಲ್ಲಿ ದುಡಿಯುವ ಎಲ್ಲ ಸ್ತ್ರೀಯರಿಗೂ ರಜೆ.’ ನಾನು ಉದಾರವಾಗಿ, “ಆಗಲಿ ಅತ್ತೆ, ಒಳ್ಳೇದೇ. ಭಾನುವಾರ ಇವಳೇ ಏನಾದರೂ ಮಾಡ್ತಾಳೆ” ಎಂದೆ.

“ಇವಳು ಸ್ತ್ರೀ ಅಲ್ಲವೇನೋ?”

ಆ ಭಾನುವಾರ ನನ್ನ ಜೀವನದ ಮೊಟ್ಟಮೊದಲ ಉಪ್ಪಿಟ್ಟು ಮಾಡಿದೆ. ಮಗಳು ಒಂದು ತುತ್ತು ಬಾಯಿಗಿಟ್ಟು, ಬಹಳ ಗೌರವದಿಂದ, “ಪಪ್ಪಾ, ಯೇ ಹಲ್ವಾ ಹೈ ಕ್ಯಾ?” ಎಂದು ಕೇಳಿದಳು. ಮುಂದಿನ ಭಾನುವಾರದಿಂದ ಎಲ್ಲರೂ ಇಡ್ಲಿ ತಿನ್ನಲು ಕೇದಾರ ಘಾಟಿನ ಕಡೆ ನಡೆಯತೊಡಗಿದೆವು. ಅಲ್ಲಾದರೂ ಸುಖವಿತ್ತೇ? ಬಿಸಿ ಇಡ್ಲಿ ಮುಂದೆ ಬಂದಿದೆ, ಅತ್ತೆ ದೋಸೆ ಕಲ್ಲಿನ ಹತ್ತಿರ ನಿಂತಿದ್ದಾರೆ! “ನಿಮಗೆ ಕೂತ್ಕೊಳ್ಳೋಕೆ ಸ್ಟೂಲು ಎಲ್ಲಿ?” ಎಂದು ದೋಸೆ ಹುಯ್ಯುವ ಐವತ್ತರ ಮನುಷ್ಯನನ್ನು ಕೇಳುತ್ತಿದ್ದಾರೆ. ಆತ ನಮ್ಮ ದಾವಣಗೆರೆ ಕಡೆಯವನೇ. “ಅಮ್ಮಾ, ಕೂತು ದೋಸೆ ಹುಯ್ಯೋಕೆ ಆಗ್ತದೇನ್ರೀ?” ಎಂದ. “ಹುಯ್ಯುವಾಗ ಬೇಡ. ಹುಯ್ಯದೇ ಇದ್ದಾಗ?” ಎಂದರು ಅತ್ತೆ. ಗಲ್ಲಾದ ಮೇಲಿದ್ದ ಮಾಲೀಕ ಎಲ್ಲ ಕೇಳಿಸಿಕೊಂಡ. ಅಂದಿನಿಂದ ಆ ಹೋಟೆಲಿನಲ್ಲಿ ನಮ್ಮ ಮೇಜಿಗೆ ಎರಡನೇ ಸಲ ಚಟ್ನಿ ಬಂದದ್ದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧವನ್ನು ನಗುನಗುತ್ತಾ ಬರೆಯುತ್ತಿದ್ದೆ. ಡಿಸೆಂಬರು ಬಂತು. ಮಾನವ ಹಕ್ಕುಗಳ ದಿನ ಬಂತು. ಪ್ರತಿ ವರ್ಷ ಆ ದಿನ ನಮ್ಮ ವಿಭಾಗದಲ್ಲಿ ನನ್ನದೊಂದು ಉಪನ್ಯಾಸ ಇರುತ್ತದೆ. ಆ ವರ್ಷದ ವಿಷಯ: ಜನಸಾಮಾನ್ಯರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಹಕ್ಕುಗಳ ಅರಿವು. ಅತ್ತೆ ತಾವೂ ಬರುತ್ತೇನೆಂದರು. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಸಿಕ್ಕಿದ್ದರೂ ಹೇಳುವ ಧೈರ್ಯ ಇರಲಿಲ್ಲ.

ರೇಷ್ಮೆ ಸೀರೆ, ಉಣ್ಣೆಯ ಟೋಪಿ, ಕಾಲಿಗೆ ನನ್ನ ಹೆಂಡತಿಯ ಕ್ಯಾನ್ವಾಸ್ ಶೂ. ಮೊದಲ ಸಾಲಿನಲ್ಲೇ ಕೂತರು. ನಾನು ಚೆನ್ನಾಗಿಯೇ ಮಾತಾಡಿದೆ. ಆರೋಗ್ಯ, ವಿಶ್ರಾಂತಿ, ನೀರು, ನೈರ್ಮಲ್ಯ, ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ ದನಿಯೇರಿಸಿ, “ಹಕ್ಕುಗಳ ಅರಿವು ಸಭೆಗಳಲ್ಲಿ ಅಲ್ಲ, ನಮ್ಮ ನಮ್ಮ ಮನೆಗಳಲ್ಲಿ ಆರಂಭವಾಗಬೇಕು!” ಎಂದೆ. ಚಪ್ಪಾಳೆ ಬಿತ್ತು. “ಪ್ರಶ್ನೆಗಳಿದ್ದರೆ ಕೇಳಬಹುದು” ಎಂದು ಅಧ್ಯಕ್ಷರು ಹೇಳಿದ್ದೇ ತಡ, ಮೊದಲ ಸಾಲಿನಿಂದ ಒಂದು ಕೈ ಮೇಲೆದ್ದಿತು. ಆ ಕೈಯ ಬಳೆ ನನಗೆ ಗುರುತಿತ್ತು.

“ಆದರಣೀಯ ವಕ್ತಾ ಮಹೋದಯ್,” ಎಂದು ರೈಲು ನಿಲ್ದಾಣದ ಧ್ವನಿ ಶುರುವಾಯಿತು. “ನಿಮ್ಮ ಮನೆಯಲ್ಲಿ ಕೆಲಸ ಮಾಡುವ ಮಹಿಳೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎಷ್ಟು ಸಲ ನೀರು ಕುಡಿಯುತ್ತಾಳೆ ಎಂದು ದಯವಿಟ್ಟು ತಿಳಿಸುತ್ತೀರಾ?”

ಸಭಾಂಗಣವಿಡೀ ನಕ್ಕಿತು. ಈಕೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಯಾರೋ ಅರಳುಮರುಳಿನ ಅಜ್ಜಿ ಎಂದುಕೊಂಡರು. ನಾನೂ ನಕ್ಕೆ. “ಬಹಳ ಸೂಕ್ಷ್ಮವಾದ ಪ್ರಶ್ನೆ,” ಎಂದೆ. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಹೇಳುವ ಮಾತು ಅದು.

ಹಿಂದಿರುಗುವಾಗ ಆಟೋದಲ್ಲಿ ನಾನು ಕುದಿಯುತ್ತಿದ್ದೆ. “ನನ್ನ ಮರ್ಯಾದೆ ತೆಗೆದುಬಿಟ್ರಿ ಅತ್ತೆ, ನನ್ನ ವಿದ್ಯಾರ್ಥಿಗಳ ಮುಂದೆ!”

“ಉತ್ತರ ಹೇಳಿದ್ದಿದ್ರೆ ಮರ್ಯಾದೆ ಉಳೀತಿತ್ತು.”

“ಅದನ್ನೆಲ್ಲ ಯಾರು ನೋಡ್ತಾ ಕೂತಿರ್ತಾರೆ?”

“ನಾನು ಕೂತಿದ್ದೀನಲ್ಲ. ಎರಡು ತಿಂಗಳಿಂದ ನೋಡ್ತಿದ್ದೀನಿ. ಒಂದು ಲೋಟ ನೀರು ಕುಡಿದಿಲ್ಲ ಅವಳು. ಚಹಾ ಕೊಟ್ರೆ ಬೇಡ ಅಂತಾಳೆ. ಯಾಕೆ ಅಂತ ನಾನು ಕೇಳಿದ್ರೆ ನಗ್ತಾಳೆ. ನೀನು ಮನೆ ಯಜಮಾನ, ನೀನು ಕೇಳು.”

ಕೇಳಿದೆ. ಮರುದಿನ ಬೆಳಗ್ಗೆ ಊರ್ಮಿಳಾ ಪಾತ್ರೆ ತೊಳೆಯುತ್ತಿದ್ದಾಗ, ಪಕ್ಕದಲ್ಲಿ ನನ್ನ ಹೆಂಡತಿಯನ್ನೂ ನಿಲ್ಲಿಸಿಕೊಂಡು ಕೇಳಿದೆ. ಊರ್ಮಿಳಾಳಿಗೆ ಮೊದಲು ಬಂದದ್ದು ಹೆದರಿಕೆ. “ಕಾ ಭಯಲ್ ಭೈಯಾ? ಕುಛ್ ಟೂಟ್ ಗಯಲ್ ಕಾ?” ಏನಾಯಿತು, ಏನಾದರೂ ಒಡೆಯಿತಾ ಎಂದು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಸಮಾಧಾನ ಮಾಡಿ ಮತ್ತೆ ಕೇಳಿದ ಮೇಲೆ, ನನ್ನನ್ನು ನೋಡದೆ ನನ್ನ ಹೆಂಡತಿಗೆ ಹೇಳಿದಳು: “ದೀದಿ, ಪಾನಿ ಪೀಯೇಂಗೇ ತೋ ಜಾಯೇಂಗೇ ಕಹಾಂ?”

ನೀರು ಕುಡಿದರೆ, ಹೋಗುವುದಾದರೂ ಎಲ್ಲಿಗೆ?

ರಾಮನಗರದ ಮನೆಯಿಂದ ಬೆಳಕು ಹರಿಯುವ ಮುಂಚೆ ಹೊರಟರೆ ತಿರುಗಿ ಮನೆ ಸೇರುವುದು ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತೂ ಒಂದು ಹನಿ ಇಲ್ಲ. ಬೇಸಿಗೆಯಲ್ಲಿ? ಬೇಸಿಗೆಯಲ್ಲೂ ಇಲ್ಲ. ಇದೇ ಕಟ್ಟಡದಲ್ಲಿ ಕೆಲಸಕ್ಕೆ ಬರುವ ಹತ್ತು ಹನ್ನೆರಡು ಹೆಂಗಸರೂ ಹೀಗೆಯೇ. ಬನಾರಸಿನ ಜೂನ್ ತಿಂಗಳು ಹೇಗಿರುತ್ತದೆ ಅನ್ನುವುದು ಗೊತ್ತಿದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಶೌಚಾಲಯವೂ ಸೇರಿದ ಎರಡು ಬಚ್ಚಲುಗಳಿವೆ. ಎರಡನ್ನೂ ದಿನಾ ತಿಕ್ಕಿ ತೊಳೆಯುವವಳು ಊರ್ಮಿಳಾ. ಉಪಯೋಗಿಸಬೇಡ ಎಂದು ನಾವು ಒಂದು ದಿನವೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲವಲ್ಲ! ಉಪಯೋಗಿಸು ಎಂದೂ ಹೇಳಿರಲಿಲ್ಲ. ನಾಲ್ಕು ವರ್ಷ. ಅವಳಿಗೆ ಉರಿಮೂತ್ರ ಎಂದು ನನ್ನ ಹೆಂಡತಿಯೇ ಎರಡು ಸಲ ಮಾತ್ರೆ ಬರೆದುಕೊಟ್ಟಿದ್ದಳು. ಎರಡು ಸಲವೂ, “ಚೆನ್ನಾಗಿ ನೀರು ಕುಡಿ ಊರ್ಮಿಳಾ, ನೀನು ನೀರೇ ಕುಡಿಯೋದಿಲ್ಲ” ಎಂದು ಗದರಿದ್ದಳು. ಅದನ್ನು ನನ್ನ ಹೆಂಡತಿಯೇ ಈಗ ನೆನಪಿಸಿಕೊಂಡು ಹೇಳಿದಳು. ಹೇಳಿ ರೂಮಿಗೆ ಹೋಗಿ ಮಂಚದ ಮೇಲೆ ಕೂತಳು. ಅವತ್ತು ಆಸ್ಪತ್ರೆಗೆ ತಡವಾಗಿ ಹೋದಳು.

ನನಗೆ ಬಂದದ್ದು ಸಿಟ್ಟು. ಯಾರ ಮೇಲೆ? ಅತ್ತೆಯ ಮೇಲೆ! ನಗಬೇಡಿ. ನಾಲ್ಕು ವರ್ಷ ನಾನು ಒಳ್ಳೆಯವನಾಗಿ ಹಾಯಾಗಿದ್ದೆ. ಈ ಮುದುಕಿ ಎರಡೇ ತಿಂಗಳಲ್ಲಿ, ಒಂದೇ ಪ್ರಶ್ನೆಯಿಂದ, ಅದನ್ನು ಹಾಳು ಮಾಡಿತಲ್ಲ ಎಂದು ಹಲ್ಲು ಕಡಿದೆ. ಸಿಟ್ಟು ನನ್ನ ಮೇಲೇ ತಿರುಗಲು ಇನ್ನೂ ಎರಡು ದಿನ ಬೇಕಾಯಿತು.

ಅಷ್ಟರಲ್ಲಿ ಅತ್ತೆ ಕಟ್ಟಡವನ್ನು ತಪಾಸಣೆ ಮಾಡಿ ಮುಗಿಸಿದ್ದರು. ಕೆಳಗೆ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಒಂದು ಶೌಚಾಲಯ ಇದೆ. ಕಟ್ಟಡ ಕಟ್ಟಿದಾಗ ನಕ್ಷೆಯಲ್ಲಿ ತೋರಿಸಿಯೇ ಕಟ್ಟಿದ್ದು, ಕೆಲಸಗಾರರಿಗಾಗಿಯೇ. ಅದಕ್ಕೆ ಬೀಗ. ಬೀಗದ ಕೈ ಕಟ್ಟಡದ ಸೆಕ್ರೆಟರಿ ಸಾಹೇಬರ ಹತ್ತಿರ. ಒಳಗೆ ದುರ್ಗಾ ಪೂಜೆಯ ಪೆಂಡಾಲಿನ ಗಳುಗಳು, ಎರಡು ಮುರಿದ ಕೂಲರು, ಸಾಹೇಬರ ತೀರಿಹೋದ ಮಾವನವರ ಮಂಚ. ಮಂಚಕ್ಕೆ ಜಾಗವಿದೆ, ಮನುಷ್ಯರಿಗಿಲ್ಲ!

ಅತ್ತೆ ಅರ್ಜಿ ಬರೆದುಕೊಂಡು ಹೋದರು. ಸೆಕ್ರೆಟರಿ ಸಾಹೇಬರು ನಿವೃತ್ತ ಇಂಜಿನಿಯರು, ನಯವಂತರು, ಪಾನ್ ಹಾಕಿಕೊಂಡೇ ಮಾತಾಡುವವರು. “ಮಾತಾಜಿ, ಇದನ್ನ ಮೀಟಿಂಗಿನಲ್ಲಿ ಇಡೋಣ” ಎಂದರು. ಮೀಟಿಂಗು ಯಾವಾಗ? “ಜಬ್ ಹೋಗೀ, ತಬ್ ಹೋಗೀ.” ಆದಾಗ ಆಗುತ್ತದೆ.

ಮರುದಿನ ಬೆಳಗ್ಗೆ ಗೇಟಿನ ಮೇಲೆ ನೋಟೀಸು. ‘ಮೂರನೇ ಮಹಡಿಯ ಬಲಗಡೆ ಮನೆಯ ಶೌಚಾಲಯವು ಬೆಳಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಈ ಕಟ್ಟಡದಲ್ಲಿ ದುಡಿಯುವ ಎಲ್ಲ ಸ್ತ್ರೀಯರಿಗೆ ತೆರೆದಿರುತ್ತದೆ. ಕರೆಗಂಟೆ ಒತ್ತಬೇಕಾಗಿಲ್ಲ.’ ಮೂರನೇ ಮಹಡಿಯ ಬಲಗಡೆ ಮನೆ ಯಾರದು ಎಂದು ಕೇಳುತ್ತೀರಾ?

ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ದಿನ ಊರ್ಮಿಳಾ ಒಬ್ಬಳನ್ನು ಕೈಹಿಡಿದು ಕರೆತಂದಳು. ನಾಲ್ಕನೇ ದಿನ, ಎಂಟೂವರೆಯ ಕ್ಲಾಸಿಗೆ ಹೊರಡಲು ನಾನು ಟವೆಲು ಹೆಗಲಿಗೆ ಹಾಕಿಕೊಂಡು ಬಂದರೆ, ನನ್ನ ಮನೆಯ ಬಚ್ಚಲಿಗೆ ನಾನು ನಾಲ್ಕನೆಯವನು! ಇನ್ನೊಂದರಲ್ಲಿ ಮಗಳು ಸೇರಿಕೊಂಡಿದ್ದಾಳೆ. ಮುಂದೆ ನಿಂತಿದ್ದವಳು ಸಂಕೋಚದಿಂದ ದಾರಿ ಬಿಟ್ಟು, “ಆಪ್ ಪಹಲೇ ಜಾಇಯೇ ಸಾಹಬ್” ಎಂದಳು. ಅತ್ತೆ ಕುರ್ಚಿಯಿಂದಲೇ, “ಪಂಕ್ತಿ ಮೇಂ ರಹಿಯೇ” ಎಂದು ಘೋಷಿಸಿದರು. ಸಾಲಿನಲ್ಲಿ ಬನ್ನಿ!

ಆ ವಾರ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದರು. ರೋಗ ಹರಡುತ್ತದೆ ಎಂದರು. ಕಳ್ಳತನವಾದರೆ ಯಾರು ಹೊಣೆ ಎಂದರು. “ನೀವು ಹೊರಗಿನವರು, ನಾಳೆ ಹೋಗ್ತೀರಿ. ಇವರನ್ನ ತಲೆ ಮೇಲೆ ಕೂರಿಸಿಕೊಂಡವರು ನಾವಾಗ್ತೀವಿ” ಎಂದರು. ಇವರೆಲ್ಲ ಕೆಟ್ಟವರಲ್ಲ, ಹಬ್ಬಕ್ಕೆ ನಮ್ಮ ಕರ್ಜಿಕಾಯಿಯಂಥ ಗುಝಿಯಾ ಕಳಿಸುವವರು, ನನ್ನ ಮಗಳಿಗೆ ಜ್ವರ ಬಂದರೆ ಮೂರು ಸಲ ವಿಚಾರಿಸುವವರು. ಇವರ ರೊಟ್ಟಿ ಲಟ್ಟಿಸುವ ಕೈ ಶುದ್ಧ, ಆ ಕೈಯವಳು ಬಚ್ಚಲಿಗೆ ಹೋದರೆ ರೋಗ! ಇದು ಯಾವ ಶಾಸ್ತ್ರವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆದರೆ ಅವರಿಗೆ ಹೇಳಬೇಕಾಗಿದ್ದ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ಬಾಗಿಲು ಹಾಕಿಕೊಂಡು ಅತ್ತೆಯ ಮೇಲೆ ಕೂಗಾಡಿದೆ. “ಇದು ನನ್ನ ಮನೆ ಅತ್ತೆ! ನನ್ನ ಮನೆ!”

“ಹೌದು ಕಣೋ. ಅದಕ್ಕೇ ಇಲ್ಲಿಂದ ಶುರು ಮಾಡಿದ್ದು. ಬೇರೆಯವರ ಮನೇಲಿ ನನಗೆ ಯಾರು ಜಾಗ ಕೊಡ್ತಾರೆ?”

ನಮ್ಮ ಬಾಗಿಲ ಸಾಲು ನಿಲ್ಲಿಸುವುದಕ್ಕಾದರೂ ಮೀಟಿಂಗು ಕರೆಯಲೇಬೇಕಾಯಿತು. ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲೇ ಕುರ್ಚಿಗಳು ಬಿದ್ದವು. ಮೈ ಕೊರೆಯುವ ಚಳಿ. ಅಂದಿನ ಚಹಾ ನನ್ನದು ಎಂದು ಅತ್ತೆ ಮುಂದೆ ಬಂದಾಗ ನನಗೆ ಆಶ್ಚರ್ಯವಾಯಿತು. ಬಂದವರಿಗೆಲ್ಲ ಶುಂಠಿ ಹಾಕಿದ ಬಿಸಿ ಚಹಾ, ಒಂದಲ್ಲ, ಎರಡೆರಡು ಮಣ್ಣಿನ ಕುಲ್ಹಡ್. ಮೇಲೆ ಒಂದೊಂದು ದೊಡ್ಡ ಲೋಟ ನೀರು. “ಕುಡಿಯಿರಿ, ಕುಡಿಯಿರಿ” ಎಂಬ ಉಪಚಾರ ಬೇರೆ. ಅತ್ತೆ ನಯವಾದರೆ ಏನೋ ಇದೆ ಎಂದೇ ಅರ್ಥ, ಆದರೆ ಅದು ಬನಾರಸಿಗೆ ಹೇಗೆ ಗೊತ್ತಾಗಬೇಕು?

ಪಾರಿವಾಳದ ಬಲೆ, ಪಾರ್ಕಿಂಗಿನ ಜಗಳ, ನೀರಿನ ಟ್ಯಾಂಕು. ಇದರಲ್ಲೇ ಒಂದು ಗಂಟೆ ಹೋಯಿತು. ನಮ್ಮ ವಿಷಯ ಕೊನೆಗೆ ಬಂದಾಗ ಅತ್ತೆ ಎದ್ದು ನಿಂತು ಕಾಗದ ಬಿಚ್ಚಿದರು. ಹನ್ನೊಂದು ಹೆಂಗಸರು, ಪ್ರತಿಯೊಬ್ಬಳೂ ಎಷ್ಟು ಹೊತ್ತಿಗೆ ಮನೆ ಬಿಡುತ್ತಾಳೆ, ಯಾವ ಯಾವ ಮನೆಯಲ್ಲಿ ಎಷ್ಟೆಷ್ಟು ಹೊತ್ತು ಇರುತ್ತಾಳೆ, ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ. ಒಂದೊಂದು ಶಬ್ದವನ್ನೂ ರೈಲು ತಡವಾಗಿದ್ದನ್ನು ಹೇಳುವ ಗಾಂಭೀರ್ಯದಲ್ಲಿ, ಬಿಡಿಸಿ ಬಿಡಿಸಿ ಓದಿದರು. ಆ ಹನ್ನೊಂದು ಜನವೂ ಕೆಲಸ ಮುಗಿಸಿ ಬಂದು ಗೋಡೆಗೆ ಒರಗಿ ನಿಂತಿದ್ದರು. ಆರನೇ ಹೆಸರಿಗೆ ಬರುವಷ್ಟರಲ್ಲಿ ಕುರ್ಚಿಗಳು ಅಲುಗಾಡತೊಡಗಿದವು. ಸೆಕ್ರೆಟರಿ ಸಾಹೇಬರು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಎಂಟನೇ ಹೆಸರಿಗೆ ಎದ್ದೇಬಿಟ್ಟರು.

“ಮಾತಾಜಿ, ಏಕ್ ಮಿನಟ್…”

“ಇನ್ನು ಮೂವರಿದ್ದಾರೆ ಮಹೋದಯ್. ಕೂತ್ಕೊಳ್ಳಿ,” ಎಂದರು ಅತ್ತೆ.

ಆಗ ಗೋಡೆಯ ಹತ್ತಿರದಿಂದ ಊರ್ಮಿಳಾ ಮಾತಾಡಿದಳು. ಅತ್ತೆ ಹೇಳಿಕೊಟ್ಟದ್ದಲ್ಲ, ಆಮೇಲೆ ನಾನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ದನಿಯೇರಿಸಲೂ ಇಲ್ಲ. “ಜಾಯೇ ದಾ ಅಮ್ಮಾ,” ಎಂದಳು, ಹೋಗಲಿ ಬಿಡಿ ಅಮ್ಮಾ. ಆಮೇಲೆ ಸೆಕ್ರೆಟರಿಯವರ ಕಡೆ ತಿರುಗಿ: “ಹೋಗಿ ಬನ್ನಿ ಸಾಹೇಬರೇ. ನಾವು ಕಾಯ್ತೀವಿ. ಹಮಹನ್ ಕೇ ತ ಆದತ್ ಹೌ.” ನಮಗಂತೂ ಅಭ್ಯಾಸ ಇದೆ.

ಯಾರೂ ನಗಲಿಲ್ಲ. ಸಾಹೇಬರು ಹೋದರು, ಹಿಂದೆಯೇ ಇನ್ನೂ ನಾಲ್ವರು ತಲೆ ತಗ್ಗಿಸಿಕೊಂಡು ಎದ್ದು ಹೋದರು. ತಿರುಗಿ ಬಂದಾಗ ಸಾಹೇಬರು ಪಾನ್ ಉಗುಳಿ ಬಂದಿದ್ದರು. “ಕೀಲಿ ಕೊಡೋಣ” ಎಂದಷ್ಟೇ ಹೇಳಿದರು.

ಕತೆ ಇಲ್ಲಿಗೆ ಮುಗಿದರೆ ಎಷ್ಟು ಚೆನ್ನ! ಕೀಲಿ ಬರಲು ಹನ್ನೆರಡು ದಿನ ಹಿಡಿಯಿತು. ಒಳಗೆ ನಲ್ಲಿಯಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ನೀರು ಬಂದ ದಿನ ಬಾಗಿಲ ಮೇಲೆ ‘ಆಳುಗಳಿಗೆ ಮಾತ್ರ’ ಎಂದು ಬಣ್ಣದಲ್ಲಿ ಬರೆಸಲಾಗಿತ್ತು. ಅತ್ತೆ ಸೀಮೆಎಣ್ಣೆ, ಚಿಂದಿ ತೆಗೆದುಕೊಂಡು ಹೋಗಿ ಅದನ್ನು ಉಜ್ಜಿ ತೆಗೆದರು. ನಾನು ಬಕೆಟ್ ಹಿಡಿದುಕೊಂಡು ಪಕ್ಕದಲ್ಲಿದ್ದೆ, ಹೌದು, ನಾನೇ. ಅದೇ ವಾರ ಐದನೇ ಮಹಡಿಯವರು ತಮ್ಮ ಮನೆಯ ಕೆಲಸದವಳನ್ನು ನಾಳೆಯಿಂದ ಬರಬೇಡ ಎಂದುಬಿಟ್ಟರು. ಅವಳ ಹೆಸರು ಶಾಂತಿ. ಅವಳು ಮಾಡಿದ ತಪ್ಪು, ಆ ಮಧ್ಯಾಹ್ನ ಗೋಡೆಗೆ ಒರಗಿ ನಿಂತದ್ದು.

ಅತ್ತೆ ಐದನೇ ಮಹಡಿಗೆ ಹೋಗಿ ಬಾಗಿಲು ತಟ್ಟಿದರು. ತೆರೆಯಲಿಲ್ಲ. ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. “ನೋಟೀಸು ಕೊಟ್ಟೋಳು ನಾನು. ಕೆಲಸ ಹೋದದ್ದು ಅವಳದು,” ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ಮೂರನೇ ದಿನ ಕ್ಯಾನ್ವಾಸ್ ಶೂ ಮೆಟ್ಟಿಕೊಂಡು ಹೊರಟರು. ಭೇಲೂಪುರದಲ್ಲಿ ಇರುವ ಒಂದಿಷ್ಟು ಕನ್ನಡದ ಮನೆಗಳ ಮೆಟ್ಟಿಲನ್ನೂ ಹತ್ತಿದರು, ಕನ್ನಡದವರಲ್ಲದ ಮನೆಗಳದ್ದನ್ನೂ. ಕೆಲಸದವಳು ಬೇಕಾ ಎಂದು ಕೇಳುವುದಲ್ಲ. ಮೊದಲು ವಾರದ ರಜೆ ಯಾವತ್ತು ಕೊಡುತ್ತೀರಿ ಎಂದು ಕೇಳುವುದು! ಹಾಗೆ ಕೇಳಿದರೆ ಯಾರು ಒಳಗೆ ಕರೆಯುತ್ತಾರೆ? ಮೂರು ವಾರ ತಿರುಗಿದ ಮೇಲೆ, ಧಾರವಾಡದಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಶಾಂತಿಗೆ ಕೆಲಸ ಸಿಕ್ಕಿತು. ಅವರು ಫೋನು ಮಾಡಿ, “ನಿಮ್ಮ ಅತ್ತೆಯವರು ನಮ್ಮ ಬಚ್ಚಲು ಹೊಕ್ಕು ನೋಡಿ ಹೋದರಲ್ರೀ!” ಎಂದು ದೂರಿದರು. ನಾನು ಕ್ಷಮೆ ಕೇಳಲಿಲ್ಲ. ಅದು ನನಗೇ ಆಶ್ಚರ್ಯ.

ಮಾರ್ಚಿನ ಒಂದು ಭಾನುವಾರ. ಇಡ್ಲಿ ತಿಂದು, ಹೆಂಡತಿ ಮಗಳು ಮುಂದೆ ಹೋಗಿದ್ದರು. ಅತ್ತೆ ಮೊಣಕಾಲು ನೋವೆಂದು ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತರು. ನಾನೂ ಕೂತೆ. ಕೆಳಗೆ ನೀರಿನಲ್ಲಿ ತೆಲುಗಿನವರೊಂದು ಗುಂಪು ಮೀಯುತ್ತಿತ್ತು. ಒಳ್ಳೆಯ ಬಿಸಿಲು. ನಾನು ಸಲಿಗೆಯಿಂದ ಕೇಳಿದೆ: “ಅತ್ತೆ, ಈ ಕೋಪ ನಿಮಗೆ ಆಫೀಸಿನಲ್ಲಿ ಬಂದದ್ದಾ, ಹುಟ್ಟಿನಿಂದಲೇ ಇತ್ತಾ?”

ಏನಾದರೂ ಚುರುಕು ಉತ್ತರ ಬರುತ್ತದೆ ಎಂದುಕೊಂಡಿದ್ದೆ. ಅತ್ತೆ ಮೊಣಕಾಲು ನೀವಿಕೊಳ್ಳುತ್ತ ನೀರಿನ ಕಡೆ ತಿರುಗಿದರು.

“ಹಗಲೆಲ್ಲ ವಾರದ ರಜೆ, ವಾರದ ರಜೆ ಅಂತ ಟೈಪು ಮಾಡ್ತಿದ್ದೆ ಕಣೋ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡೋ ಮುಂಚೆ, ‘ಅತ್ತಿಗೆ, ಕಾಫಿ’ ಅಂತಿದ್ದೆ. ನಿಮ್ಮಮ್ಮನಿಗೆ. ಹನ್ನೆರಡು ವರ್ಷ ನಮ್ಮನೇಲಿದ್ಲು. ಒಂದು ಭಾನುವಾರ ನಾನು ಎದ್ದು ಒಲೆ ಹತ್ತಿಸಲಿಲ್ಲ. ಹೊಟ್ಟೆ ನೋಯ್ತದೆ ಅಂತ ಒಂದು ಸಲ ನನ್ನ ಹತ್ತಿರ ಹೇಳಿದ್ಲು. ಹಬ್ಬ ಮುಗೀಲಿ ಅತ್ತಿಗೆ, ತೋರಿಸೋಣ ಅಂದೆ ನಾನು. ನಾನೇ ಅಂದದ್ದು.”

ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಹೊಟ್ಟೆಯ ಕಾಯಿಲೆ ಎಂದಷ್ಟೇ ನನಗೆ ಗೊತ್ತಿತ್ತು.

“ನಿನಗೆ ನೆನಪಿದೆಯೇನೋ,” ಎಂದರು ಅತ್ತೆ, ನನ್ನ ಕಡೆ ನೋಡದೆ. “ಅವಳು ಸುಮ್ಮನೆ ಕೂತಿದ್ದು? ಏನೂ ಕೆಲಸ ಮಾಡದೆ. ನಾನು ಎಷ್ಟು ಯೋಚನೆ ಮಾಡಿದ್ರೂ ನನಗೊಂದು ಸಲಾನೂ ನೆನಪಾಗ್ತಿಲ್ಲ.”

ನಾನು ಹುಡುಕಿದೆ. ಒಲೆಯ ಮುಂದೆ ಅಮ್ಮ. ಬಾವಿಯ ಹತ್ತಿರ ಅಮ್ಮ. ರುಬ್ಬುವ ಕಲ್ಲಿನ ಮುಂದೆ ಕೂತಿದ್ದಳು, ಆದರೆ ಅದು ಕೂತದ್ದಲ್ಲ. ಬಟ್ಟೆ ಹರವುವ ಅಮ್ಮ, ಎಲ್ಲರ ಊಟವಾದ ಮೇಲೆ ನೆಲ ಸಾರಿಸುವ ಅಮ್ಮ. ಎಷ್ಟು ಹುಡುಕಿದರೂ ಸುಮ್ಮನೆ ಕೂತ ಅಮ್ಮ ಸಿಗಲಿಲ್ಲ.

“ಇದೆ ಅತ್ತೆ,” ಎಂದೆ. “ಹಿತ್ತಿಲಿನ ಬಟ್ಟೆ ಒಗೆಯೋ ಕಲ್ಲಿನ ಮೇಲೆ. ತಲೆಗೆ ನೀರು ಹಾಕಿಕೊಂಡು, ಕಾಲು ಚಾಚಿ, ಬಿಸಿಲಿಗೆ ಕೂದಲು ಒಣಗಿಸ್ಕೊತಾ ಕೂತಿದ್ಲು.”

ಅತ್ತೆ ತಿರುಗಿ ನನ್ನ ಮುಖ ನೋಡಿದರು. ಯಾರ ಮಾತನ್ನೂ ದಾಖಲೆ ಇಲ್ಲದೆ ಒಪ್ಪಿದವರಲ್ಲ ಅವರು.

“ತುಂಬ ಹೊತ್ತು ಕೂತಿದ್ಲಾ?”

“ತುಂಬ ಹೊತ್ತು.”

“ಯಾರೂ ಕರೀಲಿಲ್ವಾ?”

“ಇಲ್ಲ ಅತ್ತೆ,” ಎಂದೆ. “ಯಾರೂ ಕರೀಲಿಲ್ಲ.”